ಅಪ್ಪ ನೆಟ್ಟ ಮಾವಿನ ಮರ

(ಹಳ್ಳಿಮೈಸೂರಿನ ಶಿವಾನುಭವ ಗೋಷ್ಠಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಈ ಹೊತ್ತು ನಿಮ್ಮ ಮುಂದೆ ದೊಡ್ಡ ಶಾಸ್ತ್ರದ ಮಾತನ್ನೇನೂ ನಾವು ತಂದಿಲ್ಲ. ಒಂದು ಮಾವಿನ ತೋಪಿನ ಮಾತು ತಂದಿದ್ದೇವೆ. ಬೆಳಗ್ಗೆ ಹೊಳೆನರಸೀಪುರದಿಂದ ಇಲ್ಲಿಗೆ ಬರುವಾಗ ರಸ್ತೆಯ ಎರಡೂ ಕಡೆ ನೋಡುತ್ತ ಬಂದೆವು. ತೆಂಗಿನ ತೋಟಗಳಿವೆ, ರಾಗಿ ಹೊಲಗಳಿವೆ, ಅಲ್ಲಲ್ಲಿ ದಿಣ್ಣೆಯ ಇಳಿಜಾರಿನಲ್ಲಿ ಹಳೆಯ ಮಾವಿನ ಮರಗಳೂ ಇವೆ. ದೂರದಿಂದ ನೋಡಿದರೆ ಮರಗಳು ತುಂಬಿ ತುಳುಕುವ ಹಾಗೆ ಕಾಣುತ್ತವೆ. ಹತ್ತಿರ ಹೋಗಿ, ಬುಡದಲ್ಲಿ ನಿಂತು, ತಲೆಯೆತ್ತಿ ನೋಡಿದರೆ ಬೇರೆಯೇ ಕಾಣುತ್ತದೆ. ಒಳಗೆಲ್ಲ ಕತ್ತಲೆ. ಒಣಗಿದ ಕಡ್ಡಿ, ಕೆಂಜಿಗದ ಗೂಡು, ಒಂದನ್ನೊಂದು ಉಜ್ಜಿ ಗಾಯವಾದ ಕೊಂಬೆ. ಹಣ್ಣು ಎಲ್ಲಿ ಎಂದರೆ ಎಲ್ಲೋ ತುತ್ತತುದಿಯಲ್ಲಿ, ಕಾಗೆಗೂ ಅಳಿಲಿಗೂ ಮಾತ್ರ ಎಟಕುವ ಕಡೆ.

ಇಂತಹದೇ ಒಂದು ತೋಪಿನ ಸಲುವಾಗಿ ಒಂದು ಮನೆ ಒಡೆಯುವುದರಲ್ಲಿತ್ತು. ಆ ಮನೆಯವರ ಹೆಸರು ಬೇಡ. ಇದೇ ಸೀಮೆಯವರು, ಶ್ರೀಮಠದ ಭಕ್ತರು. ಅವರನ್ನು ಕೇಳಿಯೇ ಈ ಮಾತು ಹೇಳುತ್ತಿದ್ದೇವೆ. ನಾಲ್ಕು ಮಂದಿಗೆ ಉಪಯೋಗವಾಗುವುದಾದರೆ ಹೇಳಿ ಬುದ್ಧೀ ಎಂದರು.

ಆ ತೋಪನ್ನು ನೆಟ್ಟವರು ಅವರ ತಂದೆ. 1963ರಲ್ಲಿ ಆಗಿನ ಮೈಸೂರು ರಾಜ್ಯದಲ್ಲಿ ತೋಟಗಾರಿಕೆಗೆಂದು ಪ್ರತ್ಯೇಕ ಇಲಾಖೆಯಾಯಿತು. ಡಾ. ಎಂ. ಎಚ್. ಮರಿಗೌಡರು ಅದರ ನಿರ್ದೇಶಕರಾದರು. ನೀರಿಲ್ಲದ ಒಣನೆಲದಲ್ಲೂ ಹಣ್ಣಿನ ಗಿಡ ಬೆಳೆಯಬಹುದು ಎಂದು ಅವರು ಊರೂರಿಗೆ ಹೇಳಿದರು, ಇಲಾಖೆಯ ಸಸಿತೋಟಗಳನ್ನು ಮಾಡಿಸಿ ಕಸಿಗಿಡ ಸಿಗುವಂತೆ ಮಾಡಿದರು. ಆ ಗಾಳಿ ಈ ಸೀಮೆಗೂ ಬೀಸಿತು. ಎಪ್ಪತ್ತರ ದಶಕದಲ್ಲಿ ನಮ್ಮ ಆ ಭಕ್ತರು 3 ಎಕರೆ ಇಳಿಜಾರಿನಲ್ಲಿ 33 ಅಡಿಗೆ ಒಂದರಂತೆ, ಎಕರೆಗೆ 40ರ ಲೆಕ್ಕದಲ್ಲಿ, 120 ಗಿಡ ಹಾಕಿದರು. ಬಾದಾಮಿ, ರಸಪುರಿ, ಬದುವಿನ ಮೇಲೆ ಉಪ್ಪಿನಕಾಯಿಗೆಂದು ನಾಲ್ಕಾರು ನಾಟಿ ಮಾವು. ಕೆಳಗಿನ ಬಾವಿಯಿಂದ ಅಡ್ಡೆಯಲ್ಲಿ ನೀರು ಹೊತ್ತು ಮೂರು ಬೇಸಗೆ ಸಾಕಿದರು. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟೆ ಮುಗಿದದ್ದು 1979ರಲ್ಲಿ. ಆಮೇಲೆ ನಾಲೆಯ ನೀರು ಬಂದರೂ ತಗ್ಗಿನ ಗದ್ದೆಗೆ ಬಂತೇ ಹೊರತು ಆ ದಿಣ್ಣೆಗೆ ಏರಲಿಲ್ಲ. ಆ ಮರಗಳು ಮನುಷ್ಯನ ಹೆಗಲ ಮೇಲೆ ಬಂದ ನೀರು ಕುಡಿದು ಬೆಳೆದವು. “ಇಷ್ಟು ದೂರ ದೂರ ನೆಟ್ಟು ಭೂಮಿ ಹಾಳು ಮಾಡಿದೆಯಲ್ಲಯ್ಯ” ಎಂದು ನೆರೆಯವರು ನಕ್ಕಿದ್ದರಂತೆ. ಈಗ ಆ ದೂರವೆಲ್ಲ ಮುಚ್ಚಿಹೋಗಿ, ಒಂದು ಮರದ ಕೊಂಬೆ ಇನ್ನೊಂದರ ಹೊಟ್ಟೆಯೊಳಗೆ ಹೊಕ್ಕಿತ್ತು.

ತಂದೆ ಲಿಂಗೈಕ್ಯರಾದ ಮೇಲೆ ಅಣ್ಣತಮ್ಮಂದಿರಲ್ಲಿ ಮಾತು ಹುಟ್ಟಿತು. ಅಣ್ಣ ಊರಿನಲ್ಲಿ, ತಮ್ಮ ಬೆಂಗಳೂರಿನ ಕಾರ್ಖಾನೆಯಲ್ಲಿ. ಇಬ್ಬರೂ ತಾಯಿಯನ್ನು ಕರೆದುಕೊಂಡು ನಮ್ಮಲ್ಲಿಗೆ ನ್ಯಾಯಕ್ಕೆ ಬಂದರು.

ಅಣ್ಣ ಹೇಳಿದ: “ಅಪ್ಪ ಹೆಗಲು ಸವೆಸಿ ಸಾಕಿದ ಮರ ಬುದ್ಧೀ. ನಾನು ಇರೋಗಂಟ ಒಂದು ಕೊಂಬೆಗೂ ಕತ್ತಿ ಹಾಕಾಕೆ ಬಿಡಾಕಿಲ್ಲ.”

ತಮ್ಮ ಹೇಳಿದ: “ಹಣ್ಣಿನ ಗುತ್ತಿಗೆಯೋರು ಬರ್ತಾರೆ, ಮೇಲಕ್ಕೊಂದು ಸಲ ನೋಡ್ತಾರೆ, ವಾಪಸ್ ಹೋಗ್ತಾರೆ ಬುದ್ಧೀ. ಐದು ವರ್ಷದಿಂದ ಇದೇ ಆಯ್ತು. ಸಾಮಿಲ್ಲಿನೋರಿಗೆ ಮರ ಕೊಟ್ಟು, ನೆಲ ಶುಂಠಿಗೆ ಕೊಟ್ರೆ ಮಗಳ ಓದಿನ ಸಾಲ ತೀರ್ತದೆ.”

ಇಬ್ಬರ ಮಾತಿನಲ್ಲೂ ಸುಳ್ಳಿರಲಿಲ್ಲ. ಅಣ್ಣನದು ಪ್ರೀತಿ, ತಮ್ಮನದು ಕಷ್ಟ. ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳಬಾರದು ಎಂದು ಗಾದೆ ಇದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬಾರದು ಎಂದೂ ಗಾದೆ ಇದೆ. ಒಂದು ಗಾದೆ ಅಣ್ಣನಿಗೆ, ಒಂದು ಗಾದೆ ತಮ್ಮನಿಗೆ ಎಂದು ಹೇಳಿ ಕಳಿಸಿಬಿಡಬಹುದಾಗಿತ್ತು. ಆದರೆ ಆ ತಾಯಿ ಒಂದು ಮಾತೂ ಆಡದೆ ಕೂತಿದ್ದರು. “ತಾಯೀ, ನಿಮ್ಮ ಮನಸ್ಸಿನಲ್ಲಿ ಏನಿದೆ?” ಎಂದು ಕೇಳಿದೆವು. “ಮರ ಇರ್ಲಿ ಅಂತ ಒಬ್ಬ, ಬ್ಯಾಡ ಅಂತ ಒಬ್ಬ. ಮರ ಯಾಕೆ ಹಂಗಾಯ್ತು ಅಂತ ಇಬ್ರೂ ಕೇಳ್ನಿಲ್ಲ ಬುದ್ಧೀ” ಎಂದರು. ಆ ಮಾತು ನಮ್ಮನ್ನು ಎಬ್ಬಿಸಿತು. ಮೊದಲು ತೋಪು ನೋಡೋಣ, ಆಮೇಲೆ ನ್ಯಾಯ ಎಂದು ಹೊರಟೆವು.

ತೋಪಿಗೆ ಹೋಗಿ ನೋಡಿದೆವು. ಅಣ್ಣ ಬಹಳ ಅಭಿಮಾನದಿಂದ ಒಂದು ಮರದ ನೆತ್ತಿ ತೋರಿಸಿ, “ಎಷ್ಟು ಹಸಿರಾಗದೆ ನೋಡಿ ಬುದ್ಧೀ” ಎಂದ. ನಮ್ಮ ಜೊತೆ ಕೃಷಿ ಓದಿದ ಭಕ್ತರೊಬ್ಬರು ಬಂದಿದ್ದರು. ಅವರು ಮೆಲ್ಲಗೆ, “ಅದು ಮಾವಲ್ಲಣ್ಣ, ಬಂದಳಿಕೆ” ಎಂದರು. ಆ ಮನುಷ್ಯನ ಮುಖ ನೋಡಲಾಗಲಿಲ್ಲ. ಇಷ್ಟು ವರ್ಷ ತಂದೆಯ ಮರವೆಂದು ಕಣ್ತುಂಬ ನೋಡಿ ಸಂತೋಷಪಟ್ಟದ್ದು, ತಂದೆಯ ಮರವನ್ನು ತಿನ್ನುವ ವಸ್ತುವನ್ನು!

ಬಂದಳಿಕೆ ನಿಮಗೆಲ್ಲ ಗೊತ್ತು. ಕೆಲವರು ಬದನಿಕೆ ಎನ್ನುತ್ತಾರೆ. ಪುಟ್ಟ ಹಕ್ಕಿಯೊಂದು ಅದರ ಹಣ್ಣು ತಿಂದು, ಅಂಟು ಬೀಜವನ್ನು ಕೊಂಬೆಗೆ ಒರೆಸಿ ಹೋಗುತ್ತದೆ. ಅದು ಅಲ್ಲೇ ಮೊಳೆತು, ತೊಗಟೆಯೊಳಗೆ ಬೇರಿಳಿಸಿ, ಮರದ ನೀರು ಹೀರುತ್ತದೆ. ಅದರಾಚೆಯ ಕೊಂಬೆ ಸೊರಗುತ್ತದೆ. ಅದನ್ನಷ್ಟೇ ಕಿತ್ತರೆ ಸಾಲದು, ಒಳಗೆ ಉಳಿದದ್ದು ಮತ್ತೆ ಚಿಗುರುತ್ತದೆ. ಅದು ಕೂತ ಜಾಗದಿಂದ ಒಂದು ಮೊಳ ಹಿಂದಕ್ಕೆ ಕೊಂಬೆಯನ್ನೇ ಕತ್ತರಿಸಬೇಕು. ಬಂದಳಿಕೆಯನ್ನು ಉಳಿಸಿ ಕೊಂಬೆಯನ್ನೂ ಉಳಿಸುತ್ತೇನೆ ಎಂದರೆ ಆಗುವುದಿಲ್ಲ.

ತಾಯಿ ಕೇಳಿದ್ದರಲ್ಲ, ಮರ ಯಾಕೆ ಹಾಗಾಯಿತು ಎಂದು, ಅದಕ್ಕೆ ಉತ್ತರ ಇಷ್ಟು. ಮಾವು ಹೂ ಬಿಡುವುದು ಬಲಿತ ರೆಂಬೆಯ ತುದಿಯಲ್ಲಿ. ರೆಂಬೆ ಬಲಿಯಬೇಕಾದರೆ ಎಲೆಗೆ ಬಿಸಿಲು ಬೇಕು. ಮರ ಮುಚ್ಚಿಕೊಂಡರೆ ಒಳಗಿನ ರೆಂಬೆಗಳಿಗೆ ಬಿಸಿಲಿಲ್ಲ, ಅವು ಒಣಗುತ್ತವೆ. ಬಿಸಿಲು ಹುಡುಕಿಕೊಂಡು ಮರ ಮೇಲಕ್ಕೆ ಮೇಲಕ್ಕೆ ಹೋಗುತ್ತದೆ, ಹೂವೂ ಅಲ್ಲಿಗೇ ಹೋಗುತ್ತದೆ. ಕೆಳಗೆ ತಂಪು, ಗಾಳಿಯಿಲ್ಲ. ಜಿಗಿಹುಳುವಿಗೂ ಬೂದಿರೋಗಕ್ಕೂ ಅದೇ ಬೇಕು. ಔಷಧಿ ಹೊಡೆಯೋಣವೆಂದರೆ ನೆತ್ತಿಗೆ ತಲುಪದು. ಕಾಯಿ ಕೀಳೋಣವೆಂದರೆ ಕೈಗೆ ಎಟಕದು, ಕೊಂಬೆ ಅಲುಗಿಸಿ ಬೀಳಿಸಬೇಕು, ಬಿದ್ದ ಕಾಯಿ ಪೆಟ್ಟಾಗಿ ಕೊಳೆಯುತ್ತದೆ. ಗುತ್ತಿಗೆಯವನು ಬೆನ್ನು ತಿರುಗಿಸಿ ಹೋಗದೆ ಏನು ಮಾಡಿಯಾನು? ತಂದೆಯವರು ಇರುವಷ್ಟು ದಿನ ಪ್ರತಿ ವರ್ಷ ಕೊಯ್ಲಾದ ಮೇಲೆ ಒಣಕಡ್ಡಿ ತೆಗೆಯುತ್ತಿದ್ದರು, ಅಡ್ಡಾದಿಡ್ಡಿ ಬಂದ ರೆಂಬೆ ಸವರುತ್ತಿದ್ದರು. ಅದನ್ನು ಯಾರೂ ದೊಡ್ಡ ಕೆಲಸವೆಂದು ಲೆಕ್ಕ ಹಿಡಿಯಲಿಲ್ಲ. ಅವರು ಮಂಡಿನೋವಿನಿಂದ ದಿಣ್ಣೆ ಹತ್ತುವುದು ನಿಂತ ವರ್ಷದಿಂದ ಆ ಕೆಲಸವೂ ನಿಂತಿತು. ಮಗ ತಂದೆಯ ಮರವನ್ನು ಉಳಿಸಿಕೊಂಡ, ತಂದೆಯ ಕಾಯಕವನ್ನು ಬಿಟ್ಟ. ಕಾಯಕ ಹೋದ ಮೇಲೆ ಮರ ಎಷ್ಟು ದಿನ ನಿಂತೀತು?

ಇಲ್ಲಿ ನಮ್ಮ ಒಂದು ತಪ್ಪನ್ನು ನಿಮಗೆ ಹೇಳಬೇಕು. ಹೇಳದೆ ಬರೀ ಉಪದೇಶ ಮಾಡಿದರೆ ನ್ಯಾಯವಲ್ಲ. ಸುಮಾರು ಇಪ್ಪತ್ತು ವರ್ಷದ ಹಿಂದೆ ಶ್ರೀಮಠದ ತೋಪಿನಲ್ಲಿ 18 ಹಳೆಯ ಮರಗಳಿದ್ದವು. ಬೋಳಿಸಿದರೆ ಹೊಸದಾಗಿ ಚಿಗುರುತ್ತದೆ ಎಂದು ಯಾರೋ ಹೇಳಿದ್ದನ್ನು ಕೇಳಿ, ಜಾತ್ರೆಗೆ ಸೌದೆಯೂ ಆಯಿತು ಎಂದುಕೊಂಡು, ಬಿರುಬೇಸಗೆಯ ಒಂದೇ ವಾರದಲ್ಲಿ ಹದಿನೆಂಟನ್ನೂ ಕೊಡಲಿಯಲ್ಲಿ ಬೋಳಿಸಿಬಿಟ್ಟೆವು. ತೋಟದ ಕೆಲಸದ ಮುದುಕ ಕೈಮುಗಿದು, “ಒಂದಷ್ಟು ಎಲೆ ಬಿಡಿಸಿ ಬುದ್ಧೀ, ಮರ ಉಣ್ಣೋದು ಬ್ಯಾಡ್ವಾ?” ಎಂದ. ನಾವು ಕೇಳಲಿಲ್ಲ. ಐವತ್ತು ವರ್ಷ ನೆರಳಲ್ಲಿದ್ದ ತೊಗಟೆಗೆ ಒಮ್ಮೆಲೇ ಏಪ್ರಿಲ್ ಬಿಸಿಲು ಬಿತ್ತು. ತೊಗಟೆ ಸುಟ್ಟು ಬಿರಿಯಿತು. ಕೊಡಲಿಯ ಏಟಿಗೆ ಸೀಳಿದ ಕಡೆ ಮಳೆನೀರು ನಿಂತು ಕೊಳೆಯಿತು. ಕೊರಕ ಹುಳು ಹೊಕ್ಕಿತು. ಎರಡು ವರ್ಷದಲ್ಲಿ 7 ಮರ ಸತ್ತವು. ಆ ಮುದುಕ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ, ಒಣಗಿದ ಮರಗಳನ್ನು ತಾನೇ ಉರುಳಿಸಿದ. ಆ ದಿನ ನಾವು ಅವನ ಎದುರಿಗೆ ನಿಲ್ಲಲಾರದೆ ಒಳಗೆ ಹೋದೆವು. ಅಜ್ಞಾನಕ್ಕಿಂತ ಅವಸರ ಕೆಟ್ಟದ್ದು. ಅಜ್ಞಾನಿ ಕೇಳಿಯಾದರೂ ತಿಳಿಯುತ್ತಾನೆ, ಅವಸರದವನು ಕೇಳುವುದೇ ಇಲ್ಲ.

ಆದ್ದರಿಂದ ಈ ಅಣ್ಣತಮ್ಮಂದಿರಿಗೆ, “ಕಡಿಯುವುದೂ ಬೇಡ, ಹಾಗೇ ಬಿಡುವುದೂ ಬೇಡ. ತಿಳಿದವರನ್ನು ಕೇಳಿ, ಅಳತೆಯಿಟ್ಟು ಸವರಿ. ಮೂರು ವರ್ಷ ನಮಗೆ ಕೊಡಿ” ಎಂದೆವು. ತಮ್ಮನಿಗೆ ಅದು ಸುಲಭದ ಮಾತಾಗಿರಲಿಲ್ಲ. ಸಾಲಕ್ಕೆ ಮೂರು ವರ್ಷ ಕಾಯುವ ತಾಳ್ಮೆ ಇರುವುದಿಲ್ಲ. ಆಗ ಆ ತಾಯಿ ತಮ್ಮ ಪಾಲಿನ ಗದ್ದೆಯ ಭತ್ತದ ಹಣವನ್ನು ಮೊಮ್ಮಗಳ ಸಾಲಕ್ಕೆ ಕೊಡುತ್ತೇನೆ ಎಂದರು. ಅಣ್ಣ ತಲೆ ತಗ್ಗಿಸಿದ. ಸ್ವಲ್ಪ ಹೊತ್ತಿನ ಮೇಲೆ, “ಅವ್ವನ ಹಣ ಬ್ಯಾಡ, ಈ ವರ್ಷದ ಕಂತು ನಾನು ಕಟ್ತೀನಿ” ಎಂದ. ಬಂಧುಗಳೇ, ಆ ತೋಪಿನಲ್ಲಿ ಮೊದಲು ಸವರಿದ್ದು ಆ ಮಾತಿನಲ್ಲಿ.

ಕೆಲಸ ಹೇಗೆ ನಡೆಯಿತು ಎಂಬುದನ್ನು ವಿವರವಾಗಿಯೇ ಹೇಳುತ್ತೇವೆ. ನಿಮ್ಮಲ್ಲಿ ಅನೇಕರ ಮನೆಯಲ್ಲಿ ಇಂತಹ ಮರಗಳಿವೆ. ಹಳೆಯ ಮಾವಿಗೆ ಮರುಜೀವ ಕೊಡುವ ಕ್ರಮವನ್ನು ಲಕ್ನೋ ಬಳಿಯ ಕೇಂದ್ರ ಸರ್ಕಾರದ ತೋಟಗಾರಿಕಾ ಸಂಸ್ಥೆಯಲ್ಲಿ ರೂಢಿಗೆ ತಂದಿದ್ದಾರೆ. ನಮ್ಮ ಹಾಸನದ ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಹೋಗಿ ಕೇಳಿ. ಕೇಳುವುದರಲ್ಲಿ ನಾಚಿಕೆಯಿಲ್ಲ.

ಮೊದಲನೆಯದಾಗಿ, ಇಡೀ ತೋಪನ್ನು ಒಂದೇ ಸಲ ಮುಟ್ಟಲಿಲ್ಲ. ಒಂದು ಸಾಲು ಬಿಟ್ಟು ಒಂದು ಸಾಲು ಹಿಡಿದರು. ಇಳಿಜಾರಿನಲ್ಲಿ ಇದು ಬಹು ಮುಖ್ಯ. ಮರದ ಎಲೆ ಮಳೆಯ ಏಟನ್ನು ತಾನು ತಿಂದು ನೆಲವನ್ನು ಕಾಯುತ್ತದೆ. ಎಲ್ಲವನ್ನೂ ಬೋಳಿಸಿದರೆ ಮೊದಲ ಜಡಿಮಳೆಗೇ ಮೇಲ್ಮಣ್ಣು ಕೆಳಗಿನವರ ಗದ್ದೆ ಸೇರುತ್ತದೆ. ಶುಂಠಿಗೆಂದು ಇಳಿಜಾರನ್ನು ಅಗೆದು ಬಿಟ್ಟರೂ ಇದೇ ಆಗುತ್ತಿತ್ತು. ಹಾಗೆ ಮಾಡಿದವರ ದಿಣ್ಣೆಗಳಲ್ಲಿ ಕಲ್ಲು ಎದ್ದಿರುವುದನ್ನು ನೀವೇ ನೋಡಿದ್ದೀರಿ.

ಎರಡನೆಯದಾಗಿ, ಕೊಯ್ಲು ಮುಗಿದು, ಮಳೆ ಬಿಡುವು ಕೊಟ್ಟ ದಿನಗಳನ್ನು ನೋಡಿ ಕೈ ಹಾಕಿದರು. ಮೊದಲು ಒಣಗಿದ್ದು, ಆಮೇಲೆ ಬಂದಳಿಕೆ ಹಿಡಿದದ್ದು, ಆಮೇಲೆ ಒಂದನ್ನೊಂದು ಉಜ್ಜುವುದು, ಕೊನೆಗೆ ನಡುವಿನಿಂದ ನೆಟ್ಟಗೆ ಆಕಾಶಕ್ಕೆ ಎದ್ದ ಒಂದೆರಡು ಕೊಂಬೆ. ಮೊದಲ ವರ್ಷ ಒಂದು ಮರದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮುಟ್ಟಲಿಲ್ಲ. ಉಳಿದ ಎತ್ತರವನ್ನು ಮರುವರ್ಷ 12–15 ಅಡಿಗೆ ಇಳಿಸಿದರು. ಕತ್ತರಿಸುವಾಗ ಗರಗಸ ಹಿಡಿದರು. ದಪ್ಪ ಕೊಂಬೆಗೆ ಮೊದಲು ಅಡಿಯಿಂದ ಸ್ವಲ್ಪ ಕೊಯ್ದು, ಆಮೇಲೆ ಅದರಾಚೆ ಮೇಲಿನಿಂದ ಕೊಯ್ದು ಬೀಳಿಸಿ, ಉಳಿದ ಮೋಟನ್ನು ಕೊನೆಗೆ ನೀಟಾಗಿ ತೆಗೆಯಬೇಕು. ಮೇಲಿನಿಂದಲೇ ಶುರು ಮಾಡಿದರೆ ಕೊಂಬೆ ತನ್ನ ಭಾರಕ್ಕೆ ಮುರಿದು, ಬೀಳುವಾಗ ಬೊಡ್ಡೆಯ ತೊಗಟೆಯನ್ನೇ ಸುಲಿದುಕೊಂಡು ಹೋಗುತ್ತದೆ. ಗಾಯ ಓರೆಯಾಗಿರಬೇಕು, ನೀರು ನಿಲ್ಲಬಾರದು. ಗಾಯಕ್ಕೆ ಬೋರ್ಡೋ ಮುಲಾಮು ಬಳಿಯಬೇಕು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ಬೇರೆ ಬೇರೆಯಾಗಿ ಕರಗಿಸಿ ಬೆರೆಸಿ 10 ಲೀಟರ್ ನೀರಿನಲ್ಲಿ. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬೇಡಿ. ಇದು ನಮ್ಮ ನಾಡಿಗೆ ಹೊಸದಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಡಾ. ಲೆಸ್ಲಿ ಕೋಲ್ಮನ್ನರು ಅಡಿಕೆಯ ಕೊಳೆರೋಗಕ್ಕೆ ರೂಢಿಗೆ ತಂದ ಬೋರ್ಡೋ ದ್ರಾವಣವೂ ಇವೇ ಎರಡು ವಸ್ತುಗಳದು. ಬಿಸಿಲಿಗೆ ತೆರೆದುಕೊಂಡ ದಪ್ಪ ಕೊಂಬೆಗಳಿಗೆ ಸುಣ್ಣ ಬಳಿದರು. ಬೊಡ್ಡೆಯಲ್ಲಿ ಹೊಟ್ಟು ಉದುರುವ ತೂತು ಕಂಡಲ್ಲಿ ತಂತಿ ಚುಚ್ಚಿ ಹುಳು ತೆಗೆದು, ಸೀಮೆಎಣ್ಣೆ ಹತ್ತಿ ತುರುಕಿ, ಮಣ್ಣು ಮೆತ್ತಿದರು.

ಮೂರನೆಯದು ಮನುಷ್ಯರ ಮಾತು. ಇಳಿಜಾರಿನಲ್ಲಿ ಬಿದ್ದ ಕೊಂಬೆ ಬಿದ್ದಲ್ಲೇ ನಿಲ್ಲುವುದಿಲ್ಲ, ಉರುಳುತ್ತದೆ. ಕೆಳಭಾಗದಲ್ಲಿ ಯಾರೂ ನಿಲ್ಲಕೂಡದು, ಕೊಂಬೆಗೆ ಹಗ್ಗ ಕಟ್ಟಿ ಇಳಿಸಬೇಕು, ತೊಗಟೆ ಒದ್ದೆಯಾಗಿದ್ದ ದಿನ ಯಾರನ್ನೂ ಹತ್ತಿಸಬಾರದು, ಹತ್ತಿರ ಕರೆಂಟಿನ ತಂತಿಯಿದ್ದರೆ ಲೈನ್‌ಮನ್ನಿಗೆ ತಿಳಿಸದೆ ಮರ ಮುಟ್ಟಬಾರದು. ಎರಡು ದಿನದ ಕೂಲಿ ಉಳಿಸಲು ಹೋಗಿ ಒಂದು ಮನೆಯ ದೀಪ ಆರಿಸಬೇಡಿ. ಹಕ್ಕಿಯ ಗೂಡಿನಲ್ಲಿ ಮರಿಯಿದ್ದರೆ ಆ ಕೊಂಬೆಯನ್ನು ಹದಿನೈದು ದಿನ ಬಿಡಿ. ಮರವೇನೂ ಓಡಿಹೋಗುವುದಿಲ್ಲ.

ಕತ್ತರಿಸಿದ ಸೊಪ್ಪು ಕಡ್ಡಿಯನ್ನು ಸುಡಲಿಲ್ಲ. ಇಳಿಜಾರಿಗೆ ಅಡ್ಡಲಾಗಿ ಸಾಲಾಗಿ ಹಾಸಿದರು. ಪ್ರತಿ ಮರದ ಕೆಳಬದಿಗೆ ಅರ್ಧಚಂದ್ರದ ಹಾಗೆ ಬದು ಕಟ್ಟಿ, ಮೇಲಿನಿಂದ ಹರಿದು ಬಂದ ನೀರು ಬುಡದಲ್ಲಿ ಇಂಗುವಂತೆ ಮಾಡಿ, ಕೊಟ್ಟಿಗೆ ಗೊಬ್ಬರ ಕೊಟ್ಟರು. ನಡುವೆ ಬಿಸಿಲು ಬಿದ್ದ ನೆಲಕ್ಕೆ ಹುರಳಿ, ಅಲಸಂದೆ ಚೆಲ್ಲಿದರು. ಮಣ್ಣೂ ಉಳಿಯಿತು, ಎರಡು ಮೂಟೆ ಕಾಳೂ ಆಯಿತು.

ಇನ್ನು ನಿಜವಾದ ಪರೀಕ್ಷೆ ಆಮೇಲೆ ಬಂತು. ಮೂರು ನಾಲ್ಕು ತಿಂಗಳಿಗೆ ಕತ್ತರಿಸಿದ ಕಡೆಯೆಲ್ಲ ತಾಮ್ರದ ಬಣ್ಣದ ಚಿಗುರು ಗುಂಪುಗುಂಪಾಗಿ ಎದ್ದಿತು. ಅಣ್ಣನಿಗೆ ಹಿಡಿಸಲಾರದ ಸಂತೋಷ. “ಅಪ್ಪ ಮತ್ತೆ ಬಂದಂಗಾಯ್ತು ಬುದ್ಧೀ” ಎಂದು ಫೋನು ಮಾಡಿದ. ಆದರೆ ಅಷ್ಟೂ ಚಿಗುರನ್ನು ಬಿಟ್ಟರೆ ಅದು ಪೊರಕೆಯಾಗುತ್ತದೆ, ಮತ್ತೆ ಕತ್ತಲೆಯಾಗುತ್ತದೆ. ಹೊರಮುಖವಾಗಿ ಬೆಳೆದ ಗಟ್ಟಿ ಚಿಗುರನ್ನು ಕೊಂಬೆಗೆ ಎಂಟು ಹತ್ತರಂತೆ ಉಳಿಸಿ, ಉಳಿದದ್ದನ್ನು ತೆಗೆಯಬೇಕು. ಒಣಗಿದ್ದನ್ನು ಕಡಿಯುವುದು ಸುಲಭ. ಎಳೆಯದನ್ನು, ಚೆಲುವಾದದ್ದನ್ನು, ನಾವೇ ಆಸೆಪಟ್ಟು ಬರಿಸಿದ್ದನ್ನು ತೆಗೆಯುವುದು ಕಷ್ಟ. ಅವನ ಕೈ ಬರಲಿಲ್ಲ. ಬೆಂಗಳೂರಿನಿಂದ ತಮ್ಮ ರಜಾ ಹಾಕಿ ಬಂದು, ಅಣ್ಣನ ಪಕ್ಕದಲ್ಲಿ ನಿಂತು, “ಇದು ಇರ್ಲಾ, ಇದು ಇರ್ಲಾ” ಎಂದು ಕೇಳಿ ಕೇಳಿ ತೆಗೆದನಂತೆ. ಸಕಲೇಶಪುರದ ಕಡೆಯ ಕಾಫಿ ತೋಟದ ಭಕ್ತರಿಗೆ ಇದು ಹೊಸ ಮಾತಲ್ಲ. ಅವರು ಪ್ರತಿ ವರ್ಷ ಮರಗಸಿ ಮಾಡಿಸುತ್ತಾರೆ, ಗಿಡದ ಕಂಬಚಿಗುರು ಮುರಿಸುತ್ತಾರೆ. ಅಲ್ಲಿ ಅದನ್ನು ಕ್ರೌರ್ಯ ಎನ್ನುವವರಿಲ್ಲ, ವರ್ಷದ ಕೆಲಸ ಎನ್ನುತ್ತಾರೆ.

ಹೊರದೇಶದಲ್ಲೂ ಹೀಗೆಯೇ. ಇಟಲಿ, ಗ್ರೀಸ್, ಸ್ಪೇನ್ ದೇಶಗಳಲ್ಲಿ ಗುಡ್ಡದ ಇಳಿಜಾರಿನಲ್ಲಿ ಆಲಿವ್ ಎಂಬ ಎಣ್ಣೆಕಾಯಿಯ ಮರ ಬೆಳೆಸುತ್ತಾರೆ. ನೂರಾರು ವರ್ಷದ ಮರಗಳು ಇಂದಿಗೂ ಕಾಯಿ ಬಿಡುತ್ತವೆ. ಅಲ್ಲಿನ ರೈತರು ಮರವನ್ನು ಬಟ್ಟಲಿನ ಹಾಗೆ ನಡು ತೆರೆದು ಸವರುತ್ತಾರೆ. ಹಕ್ಕಿಯೊಂದು ರೆಕ್ಕೆ ತಾಗಿಸದೆ ನಡುವಿನಿಂದ ಹಾರಿಹೋಗುವಂತಿರಬೇಕು ಎಂಬುದು ಅವರ ಅಳತೆ. ದೇಶ ಬೇರೆ, ಮರ ಬೇರೆ, ಬಿಸಿಲು ಒಂದೇ.

ಈಗ ಫಲದ ಮಾತು. ಎಲ್ಲ ಮರವೂ ಉಳಿಯಲಿಲ್ಲ. ಬೊಡ್ಡೆ ಟೊಳ್ಳಾಗಿದ್ದ ನಾಲ್ಕು ಮರ ಹೋದವು. ಆ ಜಾಗದಲ್ಲಿ ಮೊಮ್ಮಕ್ಕಳ ಕೈಯಲ್ಲಿ ಹೊಸ ಕಸಿಗಿಡ ಹಾಕಿಸಿದರು. ಮೊದಲೆರಡು ವರ್ಷ ಸವರಿದ ಸಾಲಿನಲ್ಲಿ ಹಣ್ಣೇ ಇಲ್ಲ. ಮೂರನೆಯ ವರ್ಷ ಕೈಗೆಟಕುವ ಎತ್ತರದಲ್ಲಿ ಹೂ ಬಂತು. ಆ ವರ್ಷ ಅವರು ಮಠಕ್ಕೆ ಒಂದು ಮಂಕರಿ ರಸಪುರಿ ತಂದಿಟ್ಟರು. ದೊಡ್ಡ ಲಾಭವೇನಲ್ಲ, ಆದರೆ ಬಂದ ಗುತ್ತಿಗೆಯವನು ವಾಪಸ್ ಹೋಗಲಿಲ್ಲ. ಉಳಿದ ಸಾಲುಗಳಿಗೆ ಈ ವರ್ಷ ಕೈ ಹಾಕಿದ್ದಾರೆ. ಮನೆ ಪಾಲಾಯಿತು. ಅದನ್ನು ಮುಚ್ಚಿಟ್ಟು ನಿಮಗೆ ಸವಿಯಾದ ಕಥೆ ಹೇಳುವುದಿಲ್ಲ. ಗದ್ದೆ ಹಂಚಿಕೊಂಡರು, ಮನೆಗೆ ನಡುಗೋಡೆ ಹಾಕಿದರು. ಆದರೆ ತೋಪನ್ನು ಮಾತ್ರ ಒಟ್ಟಿನಲ್ಲೇ ಇಟ್ಟುಕೊಂಡರು. ಪ್ರತಿ ವರ್ಷ ಕೊಯ್ಲಾದ ಮೇಲೆ ಇಬ್ಬರೂ ಸೇರಿ ಸವರಬೇಕು ಎಂದು ತಾಯಿಯ ಮುಂದೆ ಮಾತಾಯಿತು.

ಬಂಧುಗಳೇ, ಹಿರಿಯರು ಬಿಟ್ಟುಹೋದದ್ದು ಬರೀ ಮರವಲ್ಲ, ಮನೆತನದ ನಡೆ, ಊರಿನ ಪದ್ಧತಿ, ಮಠದ ಕಟ್ಟಳೆ ಎಲ್ಲವೂ ಹೀಗೆಯೇ ಬೆಳೆಯುತ್ತವೆ, ಬೆಳೆದು ಮುಚ್ಚಿಕೊಳ್ಳುತ್ತವೆ. ಅದರಲ್ಲಿ ಯಾವುದು ಮಾವು, ಯಾವುದು ಬಂದಳಿಕೆ ಎಂದು ನೋಡುವ ಕಣ್ಣು ಬೇಕು. ಎರಡೂ ಹಸಿರೇ. ನೋಡಲು ಬುಡಕ್ಕೆ ಹೋಗಬೇಕು, ದೂರದಿಂದ ಕಾಣುವುದಿಲ್ಲ. ಕಂಡ ಮೇಲೆ ವರ್ಷಕ್ಕಿಷ್ಟು, ಕೈಯಲ್ಲಾಗುವಷ್ಟು ಮಾಡಬೇಕು. ಇಪ್ಪತ್ತು ವರ್ಷ ಸುಮ್ಮನಿದ್ದು ಒಂದು ವಾರದಲ್ಲಿ ಮುಗಿಸುತ್ತೇವೆ ಎಂದು ಹೊರಟರೆ ನಮ್ಮ ಆ 7 ಮರಗಳ ಗತಿಯಾಗುತ್ತದೆ.

ಈ ಸಲ ಕೊಯ್ಲು ಮುಗಿದ ಮೇಲೆ ನೀವೂ ನಿಮ್ಮ ಮರದ ಬುಡದಲ್ಲಿ ಒಂದು ಗಳಿಗೆ ನಿಂತು ತಲೆಯೆತ್ತಿ ನೋಡಿ. ಆಕಾಶ ಕಾಣದಿದ್ದರೆ ಗರಗಸ ಹದ ಮಾಡಿಸಿ. ಒಬ್ಬರೇ ಹೋಗಬೇಡಿ, ಅಣ್ಣನನ್ನೋ ತಮ್ಮನನ್ನೋ ಜೊತೆಗೆ ಕರೆದುಕೊಳ್ಳಿ. ನಿಮ್ಮೆಲ್ಲರ ಮನೆ, ತೋಟ, ಮಕ್ಕಳು ಮರಿ ಚೆನ್ನಾಗಿರಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.